ಆಕಾಶ ಶುಭ್ರವಿತ್ತು

ನಾನು ಅವನನ್ನು ಮೊದಲು ಬೈದೆ. ಮುಖ ನೋಡಿದ್ದು ಆಮೇಲೆ.

ಸೋಲಾಪುರದಲ್ಲಿ ತಾಂಬೋಳಿ ಚಾಚಾರ ಮನೆಯ ತಾರಸಿ. ನವೆಂಬರಿನ ಅಮಾವಾಸ್ಯೆ. ನಾವು ಏಳೆಂಟು ಜನ ದೂರದರ್ಶಕಗಳನ್ನು ನಿಲ್ಲಿಸಿಕೊಂಡು, ಕಣ್ಣು ಕತ್ತಲೆಗೆ ಪಳಗಲಿ ಎಂದು ಸುಮ್ಮನೆ ಕೂತಿದ್ದೆವು. ಅಷ್ಟರಲ್ಲಿ ಮೆಟ್ಟಿಲಿನ ಬಾಗಿಲು ತೆರೆಯಿತು. ಯಾರೋ ಮೊಬೈಲಿನ ಟಾರ್ಚ್ ಹಚ್ಚಿಕೊಂಡೇ ಮೇಲೆ ಬಂದರು. ಬಿಳಿ ಬೆಳಕು ನೇರವಾಗಿ ನನ್ನ ಮುಖಕ್ಕೆ.

"ಆರಿಸ್ರೀ ಅದನ್ನ! ಯಾರ್ರೀ ಅದು, ಲಗ್ನದ ಮೆರವಣಿಗೆ ತಂದಂಗೆ?"

ಬೆಳಕು ಆರಿತು. "ಸಾರಿ, ಸಾರಿ. ಮೆಟ್ಟಿಲು ಕಾಣಲಿಲ್ಲ."

"ನಿಮಗೆ ಮೆಟ್ಟಿಲು ಕಾಣಲಿಲ್ಲ ಅಂತ ನಮ್ಮ ಕಣ್ಣು ಕಿತ್ರಿ. ಮತ್ತೆ ಇಪ್ಪತ್ತು ನಿಮಿಷ ಕಾಯಬೇಕು ಈಗ. ಯಾರು ವಾಪಸ್ ಕೊಡ್ತಾರೆ?"

"ನಾನೇ ಕೊಡ್ತೀನಿ. ಇಲ್ಲೇ ಕೂತು, ನಿಮಗೆ ಬೇಜಾರಾಗದ ಹಾಗೆ ಇಪ್ಪತ್ತು ನಿಮಿಷ ಮಾತಾಡ್ತೀನಿ. ನಡೀತದಾ?"

ಕತ್ತಲಲ್ಲಿ ಯಾರೋ ನಕ್ಕರು. ಚಾಚಾ ಇರಬೇಕು. ಅವನು ನಿಜವಾಗಿಯೂ ನನ್ನ ಪಕ್ಕದ ಕಟ್ಟೆಯ ಮೇಲೆ ಕೂತ. ಹೃಷೀಕೇಶ ಗೋಡಬೋಲೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನಂತೆ. ಮುಖ ಕಾಣಲಿಲ್ಲ. ದನಿ ಮಾತ್ರ ಇತ್ತು. ಆ ದನಿಯಲ್ಲಿ ಒಂದು ಬಿಸುಪು ಇತ್ತು, ಈಗ ತಾನೆ ಒಲೆಯಿಂದ ಇಳಿಸಿದ ಪಾತ್ರೆಯಲ್ಲಿರುವಂತೆ.

"ನಿಮ್ಮ ಹೆಸರು?"

"ವಿಶಾಖಾ."

"ವಾಹ್! ಮನೇಲಿ ನಕ್ಷತ್ರ ನೋಡೋರು ಯಾರೋ ಇದ್ದಾರೆ ಅಂದಂಗಾಯ್ತು."

"ನಕ್ಷತ್ರ ನೋಡಿ ಇಟ್ಟ ಹೆಸರಲ್ಲ. ಪುಸ್ತಕ ನೋಡಿ ಇಟ್ಟದ್ದು. ನಮ್ಮ ಬುದ್ಧ ವಿಹಾರದಲ್ಲಿ ವಾರ ವಾರ ಓದು ನಡೀತದೆ. ಬುದ್ಧನಿಗೆ ಊಟ ಬಡಿಸಿದ ವಿಶಾಖಾ ಅಂತ ಒಬ್ಬಾಕೆ ಇದ್ದಳಂತೆ. ಬಾಬಾಗೆ, ಅಂದ್ರೆ ನಮ್ಮಪ್ಪಗೆ, ಆಕೆ ಇಷ್ಟ."

ನನ್ನ ಮಾತಿಗೂ ಅವನ ಮಾತಿಗೂ ನಡುವೆ ಅರ್ಧ ಸೆಕೆಂಡಿನ ಮೌನ ಬಂತು. ನನ್ನಂಥವರಿಗೆ ಆ ಅರ್ಧ ಸೆಕೆಂಡು ಬಾಲ್ಯದಿಂದ ಗೊತ್ತು. ಅಡ್ಡಹೆಸರು ಕೇಳಿದ ಮೇಲೆ, ಊರಲ್ಲಿ ಮನೆ ಯಾವ ಕಡೆ ಎಂದು ಕೇಳಿದ ಮೇಲೆ ಬರುವ ಅರ್ಧ ಸೆಕೆಂಡು. ಅದನ್ನು ಅಳೆಯುವ ಗಡಿಯಾರ ನಮ್ಮ ಕಿವಿಯೊಳಗೇ ಇರುತ್ತದೆ.

ಆದರೆ ದನಿ ಮರಳಿ ಬಂದಾಗ ಬಿಸುಪು ಹಾಗೆಯೇ ಇತ್ತು. "ಹಾಗಾದ್ರೆ ನಮಗೂ ಏನಾದ್ರೂ ಬಡಿಸ್ತೀರಿ ಅಂತಾಯ್ತು. ನನಗೆ ಶೇಂಗಾ ಚಟ್ನಿ ಅಂದ್ರೆ ಪ್ರಾಣ."

ನಾನು ನಕ್ಕುಬಿಟ್ಟೆ. ಗಡಿಯಾರವನ್ನು ಅವತ್ತು ನಾನೇ ನಿಲ್ಲಿಸಿದೆ.

*

ನಾನು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ದಿನಕ್ಕೆ ಮೂವತ್ತು ನಲವತ್ತು ಎದೆಗಳ ಬಡಿತ ನನ್ನ ಕೈಕೆಳಗೆ ಕಾಗದದ ಮೇಲೆ ಹರಿಯುತ್ತದೆ. ನನ್ನ ಎದೆಯ ಬಡಿತ ಎಲ್ಲಿ ತಪ್ಪಿತು ಎಂದು ಕೇಳಿದರೆ ಅದನ್ನೂ ಹೇಳಬಲ್ಲೆ: ಡಿಸೆಂಬರ್ ಹದಿನಾಲ್ಕು, ಉಲ್ಕೆಗಳ ರಾತ್ರಿ, ಊರಾಚೆಯ ಮಾಳದಲ್ಲಿ.

ಉಲ್ಕೆ ಎಣಿಸುವಾಗ ಆಕಾಶವನ್ನು ಹಂಚಿಕೊಳ್ಳುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಎರಡು ತಾಸಿನ ಮೇಲೆ ಟಾರ್ಚಿಗೆ ಬಳೆ ಅಂಗಡಿಯ ಕೆಂಪು ಕಾಗದ ಕಟ್ಟಿಕೊಂಡು, ನಕ್ಷತ್ರ ನೋಡುವ ನಮ್ಮ ಕ್ಲಬ್ಬಿನ ರಿಜಿಸ್ಟರ್ ಬಿಚ್ಚಿ ನಾನು ಲೆಕ್ಕ ಬರೆಯಲು ಕೂತೆ. ರಿಜಿಸ್ಟರ್ ನನ್ನ ಜವಾಬ್ದಾರಿ.

"ಪೂರ್ವ, ನನ್ನದು, ಹದಿನೇಳು. ದಕ್ಷಿಣ? ಹೃಷಿ, ನಿನ್ನ ಭಾಗದಲ್ಲಿ ಎಷ್ಟು?"

"ಒಂದು."

"ಒಂದಾ? ನಿದ್ದೆ ಹೋಗಿದ್ದೆಯಾ?"

"ಇಲ್ಲ. ಆ ಒಂದು ಇನ್ನೂ ಬಿದ್ದಿಲ್ಲ. ಇಲ್ಲೇ ಕೂತು ಲೆಕ್ಕ ಬರೀತಿದೆ."

ಕೆಂಪು ಬೆಳಕಿನಲ್ಲಿ ಅವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಒಂದು ಕಣ್ಣು, ಒಂದು ಹುಬ್ಬು, ತುಟಿಯ ಒಂದು ತುದಿ. ಆ ತುದಿ ನಗಲೋ ಬೇಡವೋ ಎಂದು ನನ್ನನ್ನೇ ಕೇಳುವಂತಿತ್ತು. ನಾನು ತಲೆ ತಗ್ಗಿಸಿದೆ. ಪೆನ್ನಿನ ಮುಚ್ಚಳ ಎಲ್ಲಿಟ್ಟೆ ಎಂದು ಹುಡುಕಿದೆ. ಅದು ಪೆನ್ನಿನ ಹಿಂದೆಯೇ ಇತ್ತು.

"ಸೊನ್ನೆ ಅಂತ ಬರೀತೀನಿ. ರಿಜಿಸ್ಟರಲ್ಲಿ ಸುಳ್ಳು ನಡೆಯಲ್ಲ."

"ಬರಿ. ಷರಾ ಕಾಲಮ್ಮಲ್ಲಿ ಕಾರಣಾನೂ ಬರಿ."

ನಾನು ಬರೆದೆ: ಆಕಾಶ ಶುಭ್ರ. ವೀಕ್ಷಕರ ಗಮನ ಬೇರೆಡೆ ಇತ್ತು.

ಮುಂದಿನ ಭಾನುವಾರ ಚಾಚಾ ಅದನ್ನು ಓದಿ ಕನ್ನಡಕ ಹಣೆಗೆ ಏರಿಸಿದರು. "ಏನು ಮಿಯಾ ಗೋಡಬೋಲೆ, ಇನ್ನು ಮೇಲೆ ನಿಮ್ಮಿಬ್ಬರನ್ನ ಬೇರೆ ಬೇರೆ ಊರಲ್ಲಿ ಕೂರಿಸಬೇಕಾಗ್ತದೆ." ಎಲ್ಲರೂ ನಕ್ಕರು. ಅವನ ನಗು ಎಲ್ಲರಿಗಿಂತ ಜೋರಾಗಿತ್ತು.

ಜನವರಿಯಲ್ಲಿ ಅವನು ನನ್ನ ಡಬ್ಬಿಯಿಂದ ಜೋಳದ ಭಾಕರಿ ಮುರಿದು ತಿಂದ. ಮಾಳದಲ್ಲಿ, ಎಲ್ಲರೊಡನೆ. ನಗರದವರ ನಡುವೆ ಬಯಲಲ್ಲಿ ತಿನ್ನುವುದು ಒಂದು. ಊರಾಚೆಯ ನಮ್ಮ ಮನೆಯಲ್ಲಿ ಕೂತು ತಿನ್ನುವುದು ಇನ್ನೊಂದು. ಅವೆರಡೂ ಒಂದೇ ಎಂದುಕೊಂಡೆ, ಪೆದ್ದಿ ನಾನು.

"ನಿಮ್ಮ ಆಯಿಗೆ ನನ್ನ ವಿಷಯ ಹೇಳಿದೆಯಾ?" ಒಮ್ಮೆ ಕೇಳಿದೆ.

"ನನ್ನ ಆಯಿನಾ? ಹೋದ ಗ್ರಹಣದಲ್ಲಿ ಚೌಕದ ನಡುವೆ ನಿಂತು ಅವಲಕ್ಕಿ ಪೋಹೆ ತಿಂದವಳು ಅವಳು. ಪೇಪರಲ್ಲಿ ಫೋಟೋ ಬಂದಿತ್ತು. ರಾಹು ಕೇತುಗೇ ಹೆದರದ ಹೆಡ್‌ಮಿಸ್ಟ್ರೆಸ್ ನಿನಗೆ ಹೆದರ್ತಾಳಾ?"

ಆ ಫೋಟೋ ನಾನೂ ನೋಡಿದ್ದೆ. ಕಾಟನ್ ಸೀರೆ, ಬೆಳ್ಳಿ ಕೂದಲು, ಕೈಯಲ್ಲಿ ಪೋಹೆಯ ತಟ್ಟೆ. 'ಮೌಢ್ಯಕ್ಕೆ ಹಿಡಿದ ಗ್ರಹಣ ಬಿಡಿಸೋಣ' ಎಂದು ಕೆಳಗೆ ಅಚ್ಚಾಗಿತ್ತು. ಅದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯಾಗುವವಳ ಫೋಟೋ ಎಂದು.

"ಫೆಬ್ರವರಿ ಕೆಲಸ ಮುಗೀಲಿ," ಎಂದ. "ಭಾನುವಾರ ಟೇಪ್ ಕೇಳಿದ ಮೇಲೆ ನಿನ್ನನ್ನ ನೇರ ನಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ. ಆಯಿಯ ಎದುರಿಗೆ ಕೂರಿಸಿ ಹೇಳ್ತೀನಿ. ಆಯ್ತಾ?"

ಆಯ್ತು ಎಂದೆ.

*

ಫೆಬ್ರವರಿಯ ಕೆಲಸ ಇದು. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಒಂದು ಕಲ್ಲುಗುಂಡು, ಕ್ಷುದ್ರಗ್ರಹ, ದೂರದ ಒಂದು ನಕ್ಷತ್ರವನ್ನು ನಾಲ್ಕೈದು ಸೆಕೆಂಡು ಮರೆಮಾಡಿ ಮುಂದೆ ಹೋಗುತ್ತದೆ. ಅದರ ನೆರಳು ನಮ್ಮ ಜಿಲ್ಲೆಯ ಮೇಲೆ ಹಾದು ಹೋಗಲಿತ್ತು. ನೆರಳಿನ ದಾರಿಗೆ ಅಡ್ಡಲಾಗಿ ಆರು ಕಡೆ ಆರು ಜನ ಕೂತು, ನಕ್ಷತ್ರ ಹೋದ ಕ್ಷಣ ಮತ್ತು ಬಂದ ಕ್ಷಣವನ್ನು ಹಿಡಿದರೆ, ಆರು ಗೆರೆ ಸಿಗುತ್ತವೆ. ಆರು ಗೆರೆ ಜೋಡಿಸಿದರೆ, ಯಾರೂ ಕಣ್ಣಾರೆ ಕಾಣದ ಆ ಕಲ್ಲಿನ ಆಕಾರ ಕಾಗದದ ಮೇಲೆ ಮೂಡುತ್ತದೆ. ಮತ್ತೆ ನಮ್ಮ ಸೀಮೆಯ ಮೇಲೆ ಆ ನೆರಳು ನಮ್ಮ ಜನ್ಮದಲ್ಲಿ ಬರುವುದಿಲ್ಲ.

ಚಾಚಾ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತಿದ್ದವರು. ಸೆಕೆಂಡಿಗೊಮ್ಮೆ ಬೀಪ್ ಎನ್ನುವ ಆರು ಪೆಟ್ಟಿಗೆಗಳನ್ನು ತಾವೇ ಮಾಡಿದ್ದರು. ಪೆಟ್ಟಿಗೆಯ ಪಕ್ಕ ರೆಕಾರ್ಡರ್ ಇಡಬೇಕು. ನಕ್ಷತ್ರ ಮಾಯವಾದಾಗ "ಹೋಯ್ತು" ಎನ್ನಬೇಕು, ಮರಳಿದಾಗ "ಬಂತು" ಎನ್ನಬೇಕು. ಬೇರೆ ಮಾತಿಲ್ಲ.

ಜೊತೆಗೆ ಒಂದು ನಿಯಮ. ಕಾಲು ಗಂಟೆ ಮೊದಲೇ ರೆಕಾರ್ಡರ್ ಶುರು ಮಾಡಬೇಕು, ಆಮೇಲೆ ಅದನ್ನು ಮುಟ್ಟುವಂತಿಲ್ಲ. ನಾಯಿ ಬೊಗಳಲಿ, ಸೀನು ಬರಲಿ, ಎಲ್ಲವೂ ಇರಲಿ. ಬಹಳ ವರ್ಷದ ಹಿಂದೆ ಯಾರೋ ನಾಚಿಕೆಪಟ್ಟು ತಮ್ಮ ಕೆಮ್ಮನ್ನು ಕತ್ತರಿಸಿದರು. ಅದರೊಂದಿಗೆ ಎರಡು ಸೆಕೆಂಡು ಹೋಯಿತು. ಇಡೀ ಕ್ಲಬ್ಬಿನ ಲೆಕ್ಕ ಸುಳ್ಳಾಯಿತು. ಅಂದಿನಿಂದ ಚಾಚಾರ ಗೋಡೆಯ ಮೇಲೆ ಬರೆದಿದೆ: 'ಟೇಪ್ ಕತ್ತರಿಸುವಂತಿಲ್ಲ.' ಭಾನುವಾರ ಎಲ್ಲರೂ ಕೂತು ಎಲ್ಲರ ಟೇಪನ್ನೂ ಮೊದಲಿನಿಂದ ಕೊನೆಯವರೆಗೆ ಕೇಳುತ್ತೇವೆ. ಅದಕ್ಕೂ ಮೊದಲು ಒಬ್ಬಳು ಎಲ್ಲವನ್ನೂ ಕೇಳಿ ಸಮಯ ತೆಗೆದಿಡುತ್ತಾಳೆ. ಬಡಿತ ಎಣಿಸುವ ಕಿವಿ ನನ್ನದು, ಕೆಲಸ ನನ್ನದಾಯಿತು.

ನಾಲ್ಕನೇ ಪಾಯಿಂಟ್ ನೆರಳಿನ ನಟ್ಟನಡುವೆ ಬಿತ್ತು. ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ ನಮ್ಮೂರು, ಪಿಂಪಳವಾಡಿ.

"ನಾನು ಅಲ್ಲಿಗೆ," ಎಂದ ಹೃಷಿ. ನನ್ನ ಕಡೆ ನೋಡದೆ ಹೇಳಿದ. ಕಿವಿ ಮಾತ್ರ ಕೆಂಪಾಗಿತ್ತು. "ವಿಶಾಖಾಳ ಬಾಬಾರ ಅಂಗಳ ನನಗೆ ಬೇಕು."

ನನಗೆ ಅಲ್ಲಿಂದ ಎಂಟು ಕಿಲೋಮೀಟರ್ ಉತ್ತರಕ್ಕೆ, ಒಂದು ಶಾಲೆಯ ಬಯಲು.

*

ನಮ್ಮ ಮನೆ ಪಿಂಪಳವಾಡಿಯಲ್ಲಿಲ್ಲ. ಪಿಂಪಳವಾಡಿಯ ಆಚೆ, ಹಳ್ಳದ ಬದಿಗೆ ಇರುವ ಭೀಮನಗರದಲ್ಲಿದೆ. ಅಲ್ಲಿ ನಾಲ್ಕು ಬೀದಿದೀಪಗಳಿವೆ. ಬಾಬಾ ಎಸ್‌ಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಮೇಲೆ ಮೂರು ವರ್ಷ ಅರ್ಜಿ ಬರೆದು, ಕಚೇರಿ ಕಚೇರಿ ತಿರುಗಿ, ಒಂದು ದಿನ ಜನರನ್ನು ಕಟ್ಟಿಕೊಂಡು ರಸ್ತೆಯಲ್ಲಿ ಕೂತು ತಂದ ದೀಪಗಳು ಅವು. ಹಚ್ಚಿದ ದಿನ ನಮ್ಮ ಹೆಂಗಸರು ಅವುಗಳ ಕೆಳಗೆ ಕೂತು ಮಧ್ಯರಾತ್ರಿಯವರೆಗೆ ಹರಟಿದ್ದರು.

ಅವೇ ದೀಪಗಳನ್ನು ಬಾಬಾ ಅವನಿಗಾಗಿ ಆರಿಸಿದರು.

ಮನೆ ಮನೆಗೆ ಹೋಗಿ ಹೇಳಿದರಂತೆ: "ನಮ್ಮ ಪೋರಿಯ ಸಾಹೇಬರು ಬರಾಕತ್ಯಾರ. ಚುಕ್ಕಿ ಅಳೀತಾರ. ಏಳೂವರಿಯಿಂದ ಎಂಟೂ ಕಾಲ್‌ತನ ಒಂದು ದೀಪ ಬ್ಯಾಡ." ಟೀವಿ ಆರಿದವು. ಒಲೆಗಳು ಆರಿದವು. ವಿಹಾರದ ದೀಪವನ್ನು ನಾವು ಯಾವತ್ತೂ ಆರಿಸುವುದಿಲ್ಲ. ಕಿಟಕಿಗೆ ಮೂರು ಚಾದರ ಕಟ್ಟಿದರು. ಇನ್ನೂರು ಜನ ಮುಕ್ಕಾಲು ಗಂಟೆ ಕತ್ತಲಲ್ಲಿ, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಊರಿನೊಳಗಿನ ದೀಪಗಳು ಉರಿಯುತ್ತಲೇ ಇದ್ದವು. ಅಲ್ಲಿ ಹೋಗಿ ಆರಿಸಿ ಎನ್ನುವ ಬಾಯಿ ನಮ್ಮವರಿಗೆ ಇನ್ನೂ ಬಂದಿಲ್ಲ.

ಏಳು ಗಂಟೆ ಐವತ್ತೆರಡು ನಿಮಿಷ. ಶಾಲೆಯ ಬಯಲಲ್ಲಿ ನನ್ನ ಕಣ್ಣು ಆ ಒಂದು ಸಣ್ಣ ಚುಕ್ಕಿಗೆ ಅಂಟಿತ್ತು. ರೆಪ್ಪೆ ಉರಿಯುತ್ತಿತ್ತು. ಬೀಪ್, ಬೀಪ್, ಬೀಪ್. ಯಾರೋ ಊದಿ ಆರಿಸಿದಂತೆ ಅದು ಇಲ್ಲವಾಯಿತು.

"ಹೋಯ್ತು!"

ಬೀಪ್, ಬೀಪ್, ಬೀಪ್. "ಬಂತು!"

ಇಷ್ಟೇ. ಇದಕ್ಕಾಗಿ ಎರಡು ತಿಂಗಳು. ನಾನು ಒಬ್ಬಳೇ ಆ ಬಯಲಲ್ಲಿ ಕುಣಿದೆ. ಸ್ಕೂಟಿ ಹತ್ತಿ ಭೀಮನಗರಕ್ಕೆ ಹಾರಿದೆ. ದೀಪಗಳು ಮತ್ತೆ ಹತ್ತಿದ್ದವು. ಹೃಷಿ ಅಂಗಳದಲ್ಲಿ ನಿಂತು ದೂರದರ್ಶಕವನ್ನು ಮಡಚುತ್ತಿದ್ದ. ನನ್ನನ್ನು ಕಂಡವನೇ ನಾಲ್ಕು ಬೆರಳು ಎತ್ತಿ ತೋರಿಸಿದ. ನಾಲ್ಕು ಸೆಕೆಂಡು! ಅವನ ಕಣ್ಣು ಒದ್ದೆಯಾಗಿತ್ತು. ಅಷ್ಟು ಜನರ ನಡುವೆ ನನ್ನ ಕಿರುಬೆರಳಿಗೆ ತನ್ನ ಕಿರುಬೆರಳು ತಾಗಿಸಿದ, ಒಂದು ಬೀಪಿನಷ್ಟು ಹೊತ್ತು.

"ಜಯ್ ಭೀಮ್, ಸಾಹೇಬ್. ಮತ್ತ ಬರ್ರಿ," ಎಂದರು ಬಾಬಾ.

"ನಮಸ್ಕಾರ ಬಾಬಾ. ನಿಮ್ಮಿಂದಲೇ ಆಯ್ತು."

ಅವನು ಹೋದ ಮೇಲೆ ನನ್ನ ಆಯಿ ಅವನ ಚಹಾದ ಖಾಲಿ ಗ್ಲಾಸನ್ನು ಎತ್ತಿ ತೋರಿಸಿದಳು. ಮದುವೆಯಲ್ಲಿ ಬಂದ ಸ್ಟೀಲಿನ ಗ್ಲಾಸು, ಕಪಾಟಿನಿಂದ ಈಚೆ ಬಂದದ್ದೇ ಅಪರೂಪ. "ಪೂರಾ ಕುಡದಾನ ನೋಡ. ಒಂದು ಹನಿ ಬಿಟ್ಟಿಲ್ಲ. ಬಾಮಣರ ಹುಡುಗ, ಆದ್ರೂ ಒಂಚೂರು ಸೊಕ್ಕಿಲ್ಲ." ಮರುದಿನದ ಹೊತ್ತಿಗೆ ಅವಳು ಅದನ್ನು ಹದಿನೈದು ಮನೆಗೆ ಹೇಳಿದ್ದಳು.

*

ಶುಕ್ರವಾರ ಡ್ಯೂಟಿ ಮುಗಿಸಿ ಬಂದು ಟೇಪುಗಳನ್ನು ಕೇಳಲು ಕೂತೆ. ಅವನದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಮಕ್ಕಳು ಬೆಲ್ಲದ ಚೂರನ್ನು ಊಟದ ಕೊನೆಗೆ ಇಟ್ಟುಕೊಳ್ಳುವಂತೆ.

ಬೀಪ್, ಬೀಪ್. ದೂರದಲ್ಲಿ ನಾಯಿ. ಬಾಬಾರ ದನಿ: "ಸಾಹೇಬ್, ಚಾ ಇಲ್ಲಿಟ್ಟೀನ್ರಿ. ಕತ್ತಲದಾಗ ಕಾಲು ತಾಕೀತು, ನೋಡ್ಕೋರಿ." ಹೆಜ್ಜೆಗಳು ದೂರವಾದವು. ಫೋನು ಗುರ್ ಎಂದಿತು. ಆಮೇಲೆ ನನ್ನ ಪ್ರೀತಿಯ ಆ ದನಿ, ಅದೇ ಬಿಸುಪಿನಲ್ಲಿ, ತಗ್ಗಿಸಿದ ಸ್ವರದಲ್ಲಿ:

"ಹೇಳು ಆಯಿ... ಹೂಂ, ಅವರ ಮನೆ ಅಂಗಳವೇ... ಇಲ್ಲ ಆಯಿ, ಏನೂ ಮುಟ್ಟಿಲ್ಲ. ನೀರು ನಂದೇ ಬಾಟಲಿ. ಚಹಾ ಕೊಟ್ಟಿದ್ದಾರೆ... ಅಯ್ಯೋ, ಕುಡೀತೀನಾ? ಇರು." ಒಂದು ಸದ್ದು. ಮಣ್ಣಿಗೆ ನೀರು ಬಿದ್ದ ಸದ್ದು. "ಗಿಡಕ್ಕೆ ಹಾಕಿದೆ. ಹಾಳು ಕತ್ತಲೆ, ಯಾರಿಗೂ ಕಾಣಲ್ಲ... ಛೆ ಛೆ, ಹಾಗೇನಿಲ್ಲ. ಒಳ್ಳೆ ಹುಡುಗಿ, ಕ್ಲಬ್ಬಿಗೆ ಬೇಕಾಗ್ತಾಳೆ, ಅಷ್ಟೇ. ಇಡ್ತೀನಿ, ಟೈಮಾಯ್ತು."

ನಲವತ್ತೊಂದು ಸೆಕೆಂಡು. ನಾನು ಎಣಿಸಿದ್ದೇನೆ. ಎಣಿಸುವುದೇ ನನ್ನ ಕೆಲಸ.

ಯಾರಿಗೂ ಕಾಣದ ಆ ಕತ್ತಲೆ ಎಲ್ಲಿಂದ ಬಂತು? ಭೀಮನಗರ ಕೊಟ್ಟದ್ದು. ನನ್ನ ಬಾಬಾ ಮೂರು ವರ್ಷ ಹೋರಾಡಿ ತಂದ ಬೆಳಕನ್ನು ಆರಿಸಿ ಅವನಿಗೆ ಕತ್ತಲೆ ಕೊಟ್ಟರು. ಅವನು ಅದೇ ಕತ್ತಲೆಯ ಮರೆಯಲ್ಲಿ ನನ್ನ ಆಯಿಯ ಚಹಾ ಚೆಲ್ಲಿದ.

ಟೇಪು ಓಡುತ್ತಲೇ ಇತ್ತು. ಒಂಬತ್ತು ನಿಮಿಷದ ಮೇಲೆ ಅವನು "ಹೋಯ್ತು!" ಎಂದ. "ಬಂತು!" ಎಂದ. ಆ ಎರಡು ಕೂಗಿನಲ್ಲಿ ಸುಳ್ಳಿರಲಿಲ್ಲ. ಮಗುವಿನ ಕೂಗಿನಂತಿದ್ದವು. ಅದನ್ನು ಕೇಳಿ ನಾನು ಅತ್ತೆ. ಅತ್ತು, ಕಣ್ಣು ಒರೆಸಿಕೊಂಡು, ನನ್ನ ಚೀಟಿಯಲ್ಲಿ ಬರೆದೆ: ನಾಲ್ಕನೇ ಪಾಯಿಂಟ್, ನಾಲ್ಕು ದಶಾಂಶ ಒಂದು ಸೆಕೆಂಡು. ಆರರಲ್ಲಿ ಅತಿ ಉದ್ದದ ಗೆರೆ.

ಆ ಟೇಪಿನ ನಕಲು ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ.

*

ಶನಿವಾರ ಅವನನ್ನು ಆಸ್ಪತ್ರೆಯ ಎದುರಿನ ಚಹಾದ ಗಾಡಿಗೆ ಕರೆದೆ. ಎರಡು ಚಹಾ ಹೇಳಿದೆ. ಅವನು ಗಟಗಟನೆ ಕುಡಿದ.

"ಈ ಚಹಾ ಮಾಡಿದ್ದು ಯಾರು ಗೊತ್ತಾ?"

"ಯಾರು?"

"ಗೊತ್ತಿಲ್ಲ ಅಲ್ವಾ? ಅದಕ್ಕೇ ಕುಡಿದೆ."

ಅವನು ನಗಲು ಹೊರಟವನು ನನ್ನ ಮುಖ ನೋಡಿ ನಿಂತ. ರೆಕಾರ್ಡರಿನ ಇಯರ್‌ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಕೇಳುತ್ತಿದ್ದಂತೆ ಅವನ ಕಿವಿ ನಿಧಾನವಾಗಿ ಕೆಂಪಾಯಿತು. ಮೊದಲು ನನಗೆ ಅದೆಷ್ಟು ಇಷ್ಟವಾಗುತ್ತಿತ್ತು, ಆ ಕಿವಿ.

"ರೆಕಾರ್ಡರ್ ಓಡ್ತಿದೆ ಅನ್ನೋದೇ ಮರೆತಿದ್ದೆ," ಎಂದ.

ಅವನ ಬಾಯಿಂದ ಬಂದ ಮೊದಲ ಮಾತು ಅದು.

"ವಿಶಾಖಾ, ಅದು... ಆಯಿಗೆ ಬಿಪಿ ಇದೆ. ಅವಳ ಸಮಾಧಾನಕ್ಕೆ ಹೇಳಿದ್ದು. ಗ್ರಹಣದ ಪೋಹೆ ಬೇರೆ, ಮನೆಯೊಳಗಿನ ಮಾತು ಬೇರೆ. ಅವಳನ್ನ ನಿಧಾನವಾಗಿ ಒಪ್ಪಿಸಬೇಕು. ಸ್ವಲ್ಪ ಟೈಮ್ ಕೊಡು."

"ಚಹಾ ಕುಡಿದು, ಆಯಿಗೆ ಕುಡಿದಿಲ್ಲ ಅಂದಿದ್ರೆ ನೀನು ಪುಕ್ಕಲ. ಪುಕ್ಕಲನ್ನ ನಾನು ಮದುವೆ ಆಗ್ತಿದ್ದೆ ಹೃಷಿ. ಧೈರ್ಯ ನಮ್ಮನೇಲಿ ಬೇಕಾದಷ್ಟಿದೆ, ನಿನಗೂ ಒಂದಿಷ್ಟು ಕೊಡ್ತಿದ್ದೆ. ಆದ್ರೆ ಚೆಲ್ಲಿದೆಯಲ್ಲ, ಅದು ಯಾರ ಸಮಾಧಾನಕ್ಕೆ? ನಿನ್ನ ಆಯಿ ಫೋನಲ್ಲಿ ನೋಡ್ತಿದ್ಲಾ?"

ಅವನು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಬಸ್ಸುಗಳು ಹೋದವು. ಆ ಮೌನ ಎಷ್ಟು ಸೆಕೆಂಡು ಎಂದು ನಾನು ಅಳೆಯಲಿಲ್ಲ. ಜೀವನದಲ್ಲಿ ಅದೊಂದು ಸಲ.

"ಕೈ ತಾನೇ ಹೋಯ್ತು," ಎಂದ ಕೊನೆಗೆ, ತುಂಬ ಸಣ್ಣ ದನಿಯಲ್ಲಿ. "ಯಾಕೆ ಅಂತ ನಂಗೂ ಗೊತ್ತಿಲ್ಲ."

ಅಷ್ಟೂ ಮಾತಿನಲ್ಲಿ ನಿಜವಾದದ್ದು ಅದೊಂದೇ. ಅದಕ್ಕಾಗಿ ಅವನ ತಲೆ ನೇವರಿಸಬೇಕು ಎನಿಸಿತು, ನನ್ನ ಕೈ ಅರ್ಧ ಎದ್ದಿತು ಕೂಡ. ಅವನು ಮುಂದೆ ಮಾತಾಡದಿದ್ದರೆ ಏನಾಗುತ್ತಿತ್ತೋ.

"ನಾಳೆ ಎಲ್ಲರ ಮುಂದೆ ಇದನ್ನ ಹಾಕಬೇಡ ಮಾರಾಯ್ತಿ. ಚಾಚಾ ಇರ್ತಾರೆ, ಹುಡುಗರಿರ್ತಾರೆ. ನಲವತ್ತೇ ಸೆಕೆಂಡು. ಕತ್ತರಿಸಿಬಿಡು. ಯಾರಿಗೂ ಗೊತ್ತಾಗಲ್ಲ. ನನ್ನ ಮೇಲೆ ಪ್ರೀತಿ ಇದೆ ಅಲ್ವಾ ನಿನಗೆ?"

ನನ್ನ ಕೈ ಕೆಳಗಿಳಿಯಿತು.

"ನಲವತ್ತೊಂದು," ಎಂದೆ. "ನಾನು ಕತ್ತರಿಸಲ್ಲ. ರೆಕಾರ್ಡರ್ ನಿನ್ನ ಹತ್ರವೇ ಇರಲಿ, ನೀನೇ ತಗೊಂಡು ಬಾ. ನಾಳೆ ಮೊದಲಿಂದ ಕೊನೆವರೆಗೆ ಕೇಳಿಸು. ತಲೆ ತಗ್ಗಿಸಿ ಕೂತ್ಕೋ, ಬೈಸಿಕೋ. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಕೇಳಿಸಿದ ಮೇಲೆ, ನೀನು ಹೇಳಿದ ಹಾಗೆ, ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಆಯಿ ನೀರು ಕೊಡಲಿ ಬಿಡಲಿ, ಬರ್ತೀನಿ. ಅಷ್ಟು ಪ್ರೀತಿ ಇದೆ."

ಗಾಡಿಯವನಿಗೆ ಚಹಾದ ದುಡ್ಡು ಕೊಟ್ಟು ಎದ್ದೆ.

*

ಭಾನುವಾರ ನಾನು ಹಸಿರು ಸೀರೆ ಉಟ್ಟೆ. ಯಾರದೋ ಮನೆಗೆ ಹೋಗುವವಳಂತೆ.

ಚಾಚಾರ ಕೋಣೆಯಲ್ಲಿ ಚಾಪೆ ಹಾಸಿತ್ತು. ಗೋಡೆಯ ಮೇಲೆ ಗ್ರಾಫ್ ಕಾಗದ ಅಂಟಿಸಿತ್ತು. ಹೃಷಿ ಬಂದ. ನನ್ನ ಪಕ್ಕ ಜಾಗ ಬಿಟ್ಟಿದ್ದೆ. ಬಾಗಿಲ ಬಳಿ ಕೂತ. ಒಂದನೇ ಟೇಪು, ಅದರ ತುಂಬ ಗಾಳಿ. ಎರಡನೆಯದರಲ್ಲಿ ಯಾರದೋ ಬಿಕ್ಕಳಿಕೆ, ಎಲ್ಲರೂ ನಕ್ಕರು. ಮೂರನೆಯದರಲ್ಲಿ ನನ್ನ ದನಿ. ನಾನು ಕುಣಿದ ಸದ್ದೂ ಅದರಲ್ಲಿತ್ತು. ಚಾಚಾ ಒಂದೊಂದೇ ಗೆರೆ ಎಳೆಯುತ್ತ ಹೋದರು.

"ನಾಲ್ಕು. ಹೇಳಿ ಮಿಯಾ, ನಡುವಿನ ಮನೆ ನಿಮ್ಮದು. ಕಲ್ಲಿನ ಹೊಟ್ಟೆಯ ಅಗಲ ಇದರಿಂದಲೇ ಗೊತ್ತಾಗೋದು."

ಹೃಷಿ ನೆಲ ನೋಡಿದ. ನನ್ನ ಎದೆ ಬಡಿಯುವುದನ್ನು ನಿಲ್ಲಿಸಿ ಕಾಯಿತು. ಅಂಥ ಗೆರೆ ನನ್ನ ಯಂತ್ರದಲ್ಲಿ ಬಂದಿದ್ದರೆ ಡಾಕ್ಟರನ್ನು ಕೂಗುತ್ತಿದ್ದೆ.

"ನನ್ನದು ಸಿಗಲಿಲ್ಲ ಚಾಚಾ. ಸರಿಯಾಗಿ ಅದೇ ಹೊತ್ತಿಗೆ ಮೋಡ ಅಡ್ಡ ಬಂತು. ಅದಕ್ಕೇ ರೆಕಾರ್ಡಿಂಗ್ ಅಳಿಸಿಬಿಟ್ಟೆ."

"ಮೋಡ?" ಚಾಚಾ ಪೆನ್ಸಿಲ್ ಕೆಳಗಿಟ್ಟರು. "ಎರಡೂ ಪಕ್ಕದಲ್ಲಿ ಆಕಾಶ ತೆರೆದಿತ್ತು."

"ಸಣ್ಣ ಮೋಡ."

ನಾಲ್ಕು ದಶಾಂಶ ಒಂದು. ನನ್ನ ಚೀಟಿಯಲ್ಲಿ ಅದು ಇತ್ತು, ಆದರೆ ಟೇಪಿಲ್ಲದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಅವನ ಬಾಳಿನ ಅತ್ಯಂತ ಚೆಂದದ ನಾಲ್ಕು ಸೆಕೆಂಡು. ಮತ್ತೆ ಎಂದೂ ಬಾರದ ನೆರಳು. ಅದನ್ನು ಕೊಂದ, ಆ ನಲವತ್ತೊಂದನ್ನು ಮುಚ್ಚಲು. ನನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದೂ ಕೊಂದ. ಭೀಮನಗರದ ಮುಕ್ಕಾಲು ಗಂಟೆಯ ಕತ್ತಲೆಯನ್ನು ಇನ್ನೊಮ್ಮೆ ಮಣ್ಣಿಗೆ ಚೆಲ್ಲಿದ.

"ಬರ್ಕೋ ಬೇಟಿ," ಎಂದರು ಚಾಚಾ ದಣಿದ ದನಿಯಲ್ಲಿ. "ನಾಲ್ಕನೇ ಪಾಯಿಂಟ್. ಮೋಡ."

ರಿಜಿಸ್ಟರ್ ನನ್ನ ತೊಡೆಯ ಮೇಲಿತ್ತು. ನಾನು ಬರೆದೆ. ಬರೆದದ್ದನ್ನು ಸಹಿಗಾಗಿ ಚಾಚಾರ ಕೈಗೆ ಕೊಟ್ಟೆ. ಅವರು ಕನ್ನಡಕ ಹಣೆಗೆ ಏರಿಸಿ ಜೋರಾಗಿಯೇ ಓದಿದರು:

"ಆಕಾಶ ಶುಭ್ರವಿತ್ತು. ವೀಕ್ಷಕರು ವರದಿ ಕೊಡಲಿಲ್ಲ."

"ಬೇಟಿ," ಎಂದರು ಚಾಚಾ ಮೆಲ್ಲಗೆ, "ರಿಜಿಸ್ಟರಿನ ಮಾತು. ಸಾಕ್ಷಿ?"

"ಇನ್ನೂರು ಜನ, ಚಾಚಾ. ದೀಪ ಆರಿಸಿ ಹೊರಗೆ ಕೂತಿದ್ರು. ಅವರಿಗೆ ಬೇರೆ ಏನು ನೋಡೋದಿತ್ತು? ಆಕಾಶವನ್ನೇ ನೋಡ್ತಿದ್ರು."

ಚಾಚಾ ನನ್ನನ್ನು ನೋಡಿದರು. ಹೃಷಿಯನ್ನು ನೋಡಿದರು. ಏನನ್ನೂ ಕೇಳಲಿಲ್ಲ. ಸಹಿ ಹಾಕಿದರು. ಉಳಿದೆರಡು ಟೇಪು ಮುಗಿದಾಗ ಗ್ರಾಫ್ ಕಾಗದದ ಮೇಲೆ ಐದು ಗೆರೆಗಳಿದ್ದವು, ನಟ್ಟನಡುವೆ ಒಂದು ಖಾಲಿ. ಹೊಟ್ಟೆಯಿಲ್ಲದ ಕಲ್ಲು.

ಮೆಟ್ಟಿಲಲ್ಲಿ ಅವನು ಹಿಂದೆ ಬಂದ. ಬಲ್ಬು ಕೆಟ್ಟಿತ್ತು. ಮೊದಲ ದಿನದಂತೆ ಬರೀ ದನಿ.

"ವಿಶಾಖಾ. ಒಂದಿಪ್ಪತ್ತು ನಿಮಿಷ ಕೂತ್ಕೋ ನನ್ನ ಜೊತೆ. ಹೇಳ್ತೀನಿ ಎಲ್ಲ. ಬರೀ ಇಪ್ಪತ್ತು ನಿಮಿಷ."

ಆ ದನಿ! ಈಗಲೂ ಅದೇ ಬಿಸುಪು. ನಾನು ಕೈಚಾಚಿ ಕತ್ತಲಲ್ಲೇ ಅವನ ಕೆನ್ನೆ ಮುಟ್ಟಿದೆ. ಒದ್ದೆಯಾಗಿತ್ತು. ಹೆಬ್ಬೆರಳಿನಿಂದ ಒರೆಸಿದೆ.

"ಬೇಡ ಹೃಷಿ. ನನ್ನ ಕಣ್ಣು ಕತ್ತಲಿಗೆ ಪಳಗಿದೆ. ಈಗ ಎಲ್ಲ ಕಾಣ್ತದೆ."

ಪರ್ಸಿನಿಂದ ಆ ಪೇಪರಿನ ಚೂರು ತೆಗೆದು, ಪೋಹೆ ತಿನ್ನುವ ಅವನ ಆಯಿಯನ್ನು, ಅವನ ಅಂಗೈಗೆ ಇಟ್ಟು ಇಳಿದು ಹೋದೆ.

*

ರಾತ್ರಿ ಬಾಬಾರ ಫೋನು ಬಂತು.

"ಪೋರಿ, ಏನಾತು? ನಮ್ಮ ಅಂಗಳದ ಚುಕ್ಕಿ ಲೆಕ್ಕಕ್ಕ ಬಂತೇನು? ವಿಹಾರದ ಓದಿನ ಮಂಡಳಿಯವರು ಕೇಳಾಕತ್ಯಾರ."

"ಬರಲಿಲ್ಲ ಬಾಬಾ."

"ಮತ್ತ ಆ ಹುಡುಗ ನಾಲ್ಕು ಬೆರಳು ಎತ್ತಿದ್ದ?"

"ಎತ್ತಿದ್ದ. ಆದ್ರ ವರದಿ ಕೊಡಲಿಲ್ಲ." ರಿಜಿಸ್ಟರಿನಲ್ಲಿ ಸುಳ್ಳು ನಡೆಯುವುದಿಲ್ಲ ಎಂದವಳು ನಾನು; ಆದರೆ ಆಯಿ ಹದಿನೈದು ಮನೆಗೆ ತೋರಿಸಿದ ಆ ಖಾಲಿ ಗ್ಲಾಸಿನ ವಿಷಯ ಯಾವ ಬಾಯಿಂದ ಹೇಳಲಿ? "ಬಾಬಾ, ಇನ್ನೊಂದು ಮಾತು. ಆ ಚಾ..."

"ಗೊತ್ತೈತಿ," ಎಂದರು ಬಾಬಾ.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಮರುದಿನ ಮುಂಜಾನಿ ಕರಿಬೇವಿನ ಗಿಡದ ಬುಡಕ್ಕ ಇರುವಿ ಮುತ್ತಿದ್ದುವು, ಪೋರಿ. ನಿನ್ನ ಆಯಿ ಸಕ್ಕರಿ ಜಾಸ್ತಿ ಹಾಕಿದ್ಲು ಅವತ್ತು. ಆಕೀ ಏಳೂದ್ರಾಗ ನಾನು ನೀರು ಹೊಯ್ದು ತೊಳದೆ. ಆಕೀಗೆ ಹೇಳಿಲ್ಲ. ನಿನಗೂ ಹೇಳಬಾರದು ಅಂತಿದ್ದೆ. ನೀ ಭಾಳ ಖುಷಿಯಾಗಿದ್ದಿ."

ಫೋನಿನ ಆ ಕಡೆ, ನಾಲ್ಕು ಬೀದಿದೀಪಗಳ ಕೆಳಗೆ, ಹೆಂಗಸರು ಯಾವುದಕ್ಕೋ ನಗುವುದು ಕೇಳಿಸುತ್ತಿತ್ತು.

"ಮುಂದಿನ ನೆರಳು ಯಾವಾಗ?" ಎಂದರು ಬಾಬಾ.

"ಅದೇ ಕಲ್ಲಿನದು ಮತ್ತ ಬರಂಗಿಲ್ಲ. ಬ್ಯಾರೆ ಒಂದು ಐತಿ. ಅಕ್ಟೋಬರ್‌ದಾಗ."

"ನೀನ ಬಾ. ಗಿಡದ ಹತ್ರ ಬ್ಯಾಡ, ಅಂಗಳದ ನಡುವ ಕೂಡು," ಎಂದರು. ಆಮೇಲೆ, ತುಸು ತಡೆದು: "ದೀಪ ಆರಸ್ತೀವಿ."